ಓದುಗರ ಪ್ರಶ್ನೋತ್ತರ: ಮಾರ್ಥಾ ಸ್ಟೂವರ್ಟ್ ಅವರ ಏಳುಬೀಳು ಮತ್ತು ಕಿರುತೆರೆಯ ಬಯೋಪಿಕ್

ಅಡುಗೆ, ತೋಟ, ಮನೆಯ ಅಲಂಕಾರಗಳನ್ನೇ ಬಂಡವಾಳ ಮಾಡಿಕೊಂಡು ಅಮೆರಿಕದಲ್ಲಿ ದೊಡ್ಡ ಉದ್ಯಮ ಕಟ್ಟಿದ, ಮುಂದೆ ಷೇರು ಮಾರಾಟದ ಪ್ರಕರಣವೊಂದರಲ್ಲಿ ಸೆರೆವಾಸ ಅನುಭವಿಸಿದ ಮಾರ್ಥಾ ಸ್ಟೂವರ್ಟ್ ಅವರ ಕುರಿತು ಆರ್.ಜೆ. ಕಟ್ಲರ್ ನಿರ್ದೇಶಿಸಿದ ಸಾಕ್ಷ್ಯಚಿತ್ರ 2024ರ ಅಕ್ಟೋಬರ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ಅದನ್ನು ನೋಡಿದ ಓದುಗರಲ್ಲಿ ಕೆಲವರು, ಇದೇ ಮಹಿಳೆಯ ಬಗ್ಗೆ 2003ರಲ್ಲಿಯೇ ಅಮೆರಿಕದ ಟಿ.ವಿ. ವಾಹಿನಿಯೊಂದು ಬಯೋಪಿಕ್ ಪ್ರಸಾರ ಮಾಡಿತ್ತೆಂದು ತಿಳಿದು ನಮಗೆ ಪತ್ರ ಬರೆದಿದ್ದಾರೆ. ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅವಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಸಾಕ್ಷ್ಯಚಿತ್ರದಲ್ಲಿ ಕಂಡ ಮಾರ್ಥಾ ಮತ್ತು ಹಳೆಯ ಟೆಲಿಚಿತ್ರದಲ್ಲಿ ಕಂಡ ಮಾರ್ಥಾ ಒಬ್ಬರೇ ಎಂದು ನಂಬುವುದೇ ಕಷ್ಟವಾಯಿತು. ಆ ಟೆಲಿಚಿತ್ರದಲ್ಲಿ ಇರುವುದು ಎಷ್ಟರಮಟ್ಟಿಗೆ ನಿಜ? (ಓದುಗರೊಬ್ಬರು, ಧಾರವಾಡ)

ಉತ್ತರ: ನೀವು ನೋಡಿರುವುದು ಎನ್‌ಬಿಸಿ ವಾಹಿನಿಯಲ್ಲಿ 2003ರ ಮೇ 19ರಂದು ಪ್ರಸಾರವಾದ ‘ಮಾರ್ಥಾ, ಇಂಕ್’ ಎಂಬ ಚಿತ್ರ. ಜೇಸನ್ ಎನ್ಸ್‌ಲರ್ ನಿರ್ದೇಶಿಸಿದ ಈ ಚಿತ್ರದಲ್ಲಿ ಮಾರ್ಥಾ ಪಾತ್ರವನ್ನು ಸಿಬಿಲ್ ಶೆಫರ್ಡ್ ವಹಿಸಿದ್ದಾರೆ. ಪತ್ರಕರ್ತ ಕ್ರಿಸ್ಟೋಫರ್ ಬೈರನ್ ಅವರು ಅದರ ಹಿಂದಿನ ವರ್ಷ ಪ್ರಕಟಿಸಿದ ಜೀವನಚರಿತ್ರೆಯೇ ಅದಕ್ಕೆ ಆಧಾರ. ಚಿತ್ರದ ತಯಾರಿಯಲ್ಲಿ ಮಾರ್ಥಾ ಅವರ ಸಹಕಾರ ಇರಲಿಲ್ಲ.

ಕಥೆಯ ಅಸ್ಥಿಪಂಜರ ನಿಜವಾದದ್ದೇ. ಮಾರ್ಥಾ 1941ರಲ್ಲಿ ನ್ಯೂಜೆರ್ಸಿ ರಾಜ್ಯದಲ್ಲಿ, ಪೋಲಿಷ್ ಮೂಲದ, ಆರು ಮಕ್ಕಳಿದ್ದ ಮಧ್ಯಮವರ್ಗದ ಮನೆಯಲ್ಲಿ ಹುಟ್ಟಿದರು. ತಾಯಿ ಶಾಲಾ ಶಿಕ್ಷಕಿ. ಎಲ್ಲವೂ ಅಚ್ಚುಕಟ್ಟಾಗಿರಬೇಕೆಂದು ಹಟ ಹಿಡಿಯುತ್ತಿದ್ದ ತಂದೆಯಿಂದ ಮಗಳು ತೋಟದ ಕೆಲಸ ಕಲಿತರು. ಓದಿನ ಖರ್ಚಿಗೆ ಮಾಡೆಲಿಂಗ್ ಮಾಡಿದರು, ಓದು ಮುಗಿಯುವ ಮೊದಲೇ ಮದುವೆಯಾದರು, 1960ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನಲ್ಲಿ ಷೇರು ಬ್ರೋಕರ್ ಆಗಿ ಕೆಲವು ವರ್ಷ ದುಡಿದರು. ಆಮೇಲೆ ಕನೆಕ್ಟಿಕಟ್‌ನ ವೆಸ್ಟ್‌ಪೋರ್ಟ್ ಎಂಬ ಊರಿನಲ್ಲಿ ಹತ್ತೊಂಬತ್ತನೆಯ ಶತಮಾನದ ಆರಂಭದ ಹಳೆಯ ಮನೆಯೊಂದನ್ನು ಕೊಂಡು, ಗಂಡ ಹೆಂಡತಿ ಸೇರಿ ತಮ್ಮ ಕೈಯಾರೆ ಅದನ್ನು ದುರಸ್ತಿ ಮಾಡಿದರು. ಆ ಮನೆಯಿಂದಲೇ ಕೇಟರಿಂಗ್ ಆರಂಭವಾಯಿತು; 1982ರಲ್ಲಿ ಔತಣಗಳ ಕುರಿತ ಮೊದಲ ಪುಸ್ತಕ ಬಂತು; 1987ರಲ್ಲಿ ಕೆಮಾರ್ಟ್ ಅಂಗಡಿಗಳೊಂದಿಗೆ ಒಪ್ಪಂದವಾಯಿತು. ಅದೇ ಹೊತ್ತಿಗೆ ದಾಂಪತ್ಯ ಮುರಿಯಿತು. ಇವೆಲ್ಲ ದಾಖಲಾದ ಸಂಗತಿಗಳು.

ನನ್ನ ಆಕ್ಷೇಪವಿರುವುದು ಚಿತ್ರ ಯಾವುದಕ್ಕೆ ಒತ್ತು ಕೊಟ್ಟಿತು ಎಂಬ ವಿಷಯದಲ್ಲಿ. ನೌಕರರ ಮೇಲೆ, ಗಂಡನ ಮೇಲೆ, ಸ್ನೇಹಿತರ ಮೇಲೆ ಮಾರ್ಥಾ ಸಿಡುಕುವ ದೃಶ್ಯಗಳನ್ನು ಅದು ಮೇಲಿಂದ ಮೇಲೆ ತೋರಿಸುತ್ತದೆ. ಅವರು ಮೃದು ಸ್ವಭಾವದವರಾಗಿರಲಿಲ್ಲ ಎಂಬುದನ್ನು ಅವರ ಬಳಿ ದುಡಿದವರು ಹಲವರು ಹೇಳಿದ್ದಾರೆ. 2024ರ ಸಾಕ್ಷ್ಯಚಿತ್ರವೂ ಅದನ್ನು ಮುಚ್ಚಿಡುವುದಿಲ್ಲ. ಆದರೆ ಕೋಪವೊಂದರಿಂದಲೇ ಯಾರೂ ಅಂಥ ಕಂಪನಿ ಕಟ್ಟಲಾರರು. ಅವರು ನಿಜವಾಗಿ ಮಾಡಿದ ಕೆಲಸವನ್ನು ಚಿತ್ರ ಅವಸರದಲ್ಲಿ ದಾಟಿಬಿಡುವುದರಿಂದ ಇಲ್ಲಿ ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

1990ರಲ್ಲಿ ಟೈಮ್ ಸಂಸ್ಥೆಯ ಜೊತೆಗೂಡಿ ಅವರು ‘ಮಾರ್ಥಾ ಸ್ಟೂವರ್ಟ್ ಲಿವಿಂಗ್’ ಎಂಬ ಪತ್ರಿಕೆಯನ್ನು ಆರಂಭಿಸಿದರು. 1993ರಲ್ಲಿ ಅದೇ ಹೆಸರಿನ ಟಿ.ವಿ. ಕಾರ್ಯಕ್ರಮ ಬಂತು. ಪತ್ರಿಕೆಯ ಮಾಲೀಕತ್ವ ತಮ್ಮ ಕೈಯಲ್ಲಿಲ್ಲದಿದ್ದರೆ ಹೆಸರೂ ತಮ್ಮ ಕೈತಪ್ಪುತ್ತದೆಂದು ಅರಿತ ಅವರು 1997ರಲ್ಲಿ ಟೈಮ್ ಸಂಸ್ಥೆಯಿಂದ ಪತ್ರಿಕೆಯನ್ನು ಬಿಡಿಸಿಕೊಂಡು, ಪತ್ರಿಕೆ, ಟಿ.ವಿ. ಕಾರ್ಯಕ್ರಮ, ಪುಸ್ತಕ ಮತ್ತು ಅಂಗಡಿಗಳಲ್ಲಿ ಮಾರಾಟವಾಗುವ ಸರಕು ಇವೆಲ್ಲವನ್ನೂ ‘ಮಾರ್ಥಾ ಸ್ಟೂವರ್ಟ್ ಲಿವಿಂಗ್ ಆಮ್ನಿಮೀಡಿಯಾ’ ಎಂಬ ಒಂದೇ ಕಂಪನಿಯ ಅಡಿಯಲ್ಲಿ ತಂದರು. ಪತ್ರಿಕೆಗಾಗಿ ಪ್ರಯೋಗಿಸಿದ ಒಂದು ತಿನಿಸು ಟಿ.ವಿ.ಯಲ್ಲಿ ಕಾಣಿಸಿಕೊಳ್ಳುತ್ತಿತ್ತು, ಪುಸ್ತಕಕ್ಕೆ ಹೋಗುತ್ತಿತ್ತು, ಅದನ್ನು ಮಾಡುವ ಪಾತ್ರೆ ಅಂಗಡಿಯಲ್ಲಿ ಮಾರಾಟವಾಗುತ್ತಿತ್ತು. 1999ರ ಅಕ್ಟೋಬರ್ 19ರಂದು ಕಂಪನಿಯ ಷೇರು ನ್ಯೂಯಾರ್ಕ್ ಷೇರುಪೇಟೆಗೆ ಬಂತು. 18 ಡಾಲರ್‌ಗೆ ಬಿಡುಗಡೆಯಾದ ಷೇರಿನ ಬೆಲೆ ಆ ಒಂದೇ ದಿನದಲ್ಲಿ ಹೆಚ್ಚುಕಡಿಮೆ ಇಮ್ಮಡಿಯಾಗಿ, ಕಾಗದದ ಲೆಕ್ಕದಲ್ಲಿ ಅವರು ನೂರು ಕೋಟಿ ಡಾಲರ್‌ಗೂ ಹೆಚ್ಚಿನ ಆಸ್ತಿಯ ಒಡತಿಯಾದರು.

ಷೇರು ಬಿಡುಗಡೆಯ ದಾಖಲೆಯಲ್ಲಿಯೇ ಕಂಪನಿ ಒಂದು ಅಪಾಯವನ್ನು ಹೂಡಿಕೆದಾರರಿಗೆ ತಿಳಿಸಿತ್ತು. ವ್ಯಾಪಾರವೆಲ್ಲ ಮಾರ್ಥಾ ಎಂಬ ಒಬ್ಬ ವ್ಯಕ್ತಿಯನ್ನೇ ನೆಚ್ಚಿಕೊಂಡಿರುವುದರಿಂದ ಅವರ ಸೇವೆ ಇಲ್ಲವಾದರೆ ಅಥವಾ ಅವರ ಹೆಸರಿಗೆ ಧಕ್ಕೆಯಾದರೆ ಕಂಪನಿಗೂ ಹೊಡೆತ ಬೀಳುತ್ತದೆ ಎಂಬುದು ಅದರ ಸಾರ. ಮುಂದಿನ ಪತನಕ್ಕೆ ಬೇಕಾದ ಕಾರಣವೆಲ್ಲ ಆ ಸಾಲುಗಳಲ್ಲಿತ್ತು. ಬಯೋಪಿಕ್ ಮಾಡಿದವರು ಅದನ್ನು ಬಿಟ್ಟು ಪತನದ ಕಾರಣವನ್ನು ಸ್ವಭಾವದಲ್ಲಿ ಹುಡುಕಿದರು.

ಪ್ರಶ್ನೆ: ನಾನು ವಾಣಿಜ್ಯಶಾಸ್ತ್ರದ ಉಪನ್ಯಾಸಕಿ. ಇನ್‌ಸೈಡರ್ ಟ್ರೇಡಿಂಗ್‌ಗಾಗಿ (ಕಂಪನಿಯ ಬಗ್ಗೆ ಹೊರಬೀಳದ ಒಳಮಾಹಿತಿ ಬಳಸಿ ಷೇರು ವ್ಯಾಪಾರ ಮಾಡಿದ್ದಕ್ಕಾಗಿ) ಜೈಲಿಗೆ ಹೋದವರ ಉದಾಹರಣೆಯಾಗಿ ಮಾರ್ಥಾ ಅವರ ಹೆಸರನ್ನು ತರಗತಿಯಲ್ಲಿ ಹೇಳುತ್ತಾ ಬಂದಿದ್ದೇನೆ. ವಿದ್ಯಾರ್ಥಿಯೊಬ್ಬ ಅದು ತಪ್ಪೆಂದು ವಾದಿಸುತ್ತಿದ್ದಾನೆ. ಯಾರು ಸರಿ? (ಓದುಗರೊಬ್ಬರು, ಹಾಸನ)

ಉತ್ತರ: ವಿದ್ಯಾರ್ಥಿಯ ಮಾತು ಸರಿ. ಈ ತಪ್ಪು ಕಲ್ಪನೆ ಅಮೆರಿಕದಲ್ಲಿಯೂ ವ್ಯಾಪಕವಾಗಿರುವುದರಿಂದ ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ.

ಮಾರ್ಥಾ ಅವರ ಸ್ನೇಹಿತ ಸ್ಯಾಮ್ ವಾಕ್ಸಲ್, ಇಮ್‌ಕ್ಲೋನ್ ಎಂಬ ಔಷಧ ಕಂಪನಿಯ ಮುಖ್ಯಸ್ಥರಾಗಿದ್ದರು. ಕ್ಯಾನ್ಸರ್‌ಗೆ ಆ ಕಂಪನಿ ತಯಾರಿಸಿದ್ದ ಎರ್ಬಿಟಕ್ಸ್ ಎಂಬ ಔಷಧದ ಅರ್ಜಿಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಪರಿಶೀಲನೆಗೇ ತೆಗೆದುಕೊಳ್ಳುವುದಿಲ್ಲವೆಂಬ ಸುದ್ದಿ 2001ರ ಡಿಸೆಂಬರ್ 28ರಂದು ಹೊರಬೀಳುವುದಿತ್ತು. ಅದು ಮೊದಲೇ ತಿಳಿದುಹೋಗಿದ್ದರಿಂದ ವಾಕ್ಸಲ್ ಮತ್ತು ಅವರ ಕುಟುಂಬದವರು ಅದರ ಹಿಂದಿನ ದಿನ ತಮ್ಮ ಷೇರು ಮಾರಲು ಮುಂದಾದರು. ವಾಕ್ಸಲ್ ಮತ್ತು ಮಾರ್ಥಾ ಇಬ್ಬರಿಗೂ ಬ್ರೋಕರ್ ಆಗಿದ್ದವರು ಮೆರಿಲ್ ಲಿಂಚ್ ಸಂಸ್ಥೆಯ ಪೀಟರ್ ಬಕನೊವಿಚ್. ಅವರು ರಜೆಯಲ್ಲಿದ್ದರು, ಅವರ ಸೂಚನೆಯಂತೆ, ವಾಕ್ಸಲ್ ಷೇರು ಮಾರುತ್ತಿದ್ದಾರೆಂಬ ವಿಷಯವನ್ನು ಕಚೇರಿಯ ಸಹಾಯಕ ಫೋನಿನಲ್ಲಿ ಮಾರ್ಥಾ ಅವರಿಗೆ ತಿಳಿಸಿದ. ಮೆಕ್ಸಿಕೋ ಪ್ರವಾಸಕ್ಕೆ ಹೊರಟಿದ್ದ ಮಾರ್ಥಾ, ವಿಮಾನ ಇಂಧನ ತುಂಬಿಸಿಕೊಳ್ಳಲು ಟೆಕ್ಸಸ್‌ನಲ್ಲಿ ಇಳಿದಿದ್ದಾಗ ಬ್ರೋಕರ್ ಕಚೇರಿಗೆ ತಾವೇ ಆ ಕರೆ ಮಾಡಿದ್ದರು. ತಮ್ಮಲ್ಲಿದ್ದ 3,928 ಷೇರುಗಳನ್ನೂ ಮಾರಿಬಿಡುವಂತೆ ಆಗಲೇ ಹೇಳಿದರು. ಹೀಗೆ ಅವರು ತಪ್ಪಿಸಿಕೊಂಡ ನಷ್ಟ 45,673 ಡಾಲರ್, ಅಂದಿನ ವಿನಿಮಯ ದರದಲ್ಲಿ ಸುಮಾರು 22 ಲಕ್ಷ ರೂಪಾಯಿ.

ತನಿಖೆ ಶುರುವಾದಾಗ ಮಾರ್ಥಾ ಮತ್ತು ಬ್ರೋಕರ್ ಇಬ್ಬರೂ, ಷೇರಿನ ಬೆಲೆ 60 ಡಾಲರ್‌ಗಿಂತ ಕೆಳಗಿಳಿದರೆ ಮಾರಬೇಕೆಂದು ತಾವು ಮೊದಲೇ ಮಾತನಾಡಿಕೊಂಡಿದ್ದೆವು ಎಂದರು. ಇದಕ್ಕೂ ಮುಂಚೆ, 2002ರ ಜನವರಿ ಕೊನೆಯಲ್ಲಿ, ಬ್ರೋಕರ್ ಕೊಟ್ಟಿದ್ದ ಸಂದೇಶವನ್ನು ತಮ್ಮ ಆಪ್ತ ಸಹಾಯಕಿ ಬರೆದಿಟ್ಟುಕೊಂಡಿದ್ದ ಕಂಪ್ಯೂಟರ್ ದಾಖಲೆಯನ್ನು ಮಾರ್ಥಾ ಸ್ವತಃ ತಿದ್ದಿ, ಕೂಡಲೇ ಮನಸ್ಸು ಬದಲಿಸಿ ಮೊದಲಿದ್ದಂತೆಯೇ ಇಡಲು ಹೇಳಿದ್ದರು. ಆ ಸಹಾಯಕಿ ನ್ಯಾಯಾಲಯದಲ್ಲಿ ಇದನ್ನು ಹೇಳುವಾಗ ಕಣ್ಣೀರಿಟ್ಟರು. ಫೋನಿನಲ್ಲಿ ಮಾತನಾಡಿದ್ದ ಬ್ರೋಕರ್‌ನ ಸಹಾಯಕ ಸರ್ಕಾರದ ಪರ ಸಾಕ್ಷಿಯಾದ.

2003ರ ಜೂನ್ 4ರಂದು ದಾಖಲಾದ ಕ್ರಿಮಿನಲ್ ದೋಷಾರೋಪದಲ್ಲಿ ಇನ್‌ಸೈಡರ್ ಟ್ರೇಡಿಂಗ್ ಎಂಬ ಆರೋಪವೇ ಇರಲಿಲ್ಲ. ಒಳಸಂಚು, ತನಿಖೆಗೆ ಅಡ್ಡಿ, ತನಿಖಾಧಿಕಾರಿಗಳಿಗೆ ಸುಳ್ಳು ಹೇಳಿಕೆ ಇವು ಅದರಲ್ಲಿದ್ದ ಆರೋಪಗಳು. ಜೊತೆಗೆ, ತಾನು ನಿರಪರಾಧಿ ಎಂದು ಬಹಿರಂಗವಾಗಿ ಹೇಳಿಕೊಂಡು ಸ್ವಂತ ಕಂಪನಿಯ ಷೇರಿನ ಬೆಲೆ ಬೀಳದಂತೆ ನೋಡಿಕೊಂಡರು ಎಂಬ ವಿಚಿತ್ರವಾದ ಷೇರು ವಂಚನೆಯ ಆರೋಪವೂ ಇತ್ತು. ಅದನ್ನು ನ್ಯಾಯಾಧೀಶೆ ಮಿರಿಯಮ್ ಗೋಲ್ಡ್‌ಮನ್ ಸೀಡರ್‌ಬಾಮ್ ಅವರು ಜ್ಯೂರಿಯ (ತೀರ್ಪು ಕೊಡಲು ಸಾಮಾನ್ಯ ನಾಗರಿಕರಿಂದ ಆರಿಸಿದ ಮಂಡಳಿಯ) ಮುಂದೆ ಹೋಗಲು ಬಿಡದೆ ತಳ್ಳಿಹಾಕಿದರು. ಉಳಿದ ನಾಲ್ಕು ಆರೋಪಗಳಲ್ಲಿ ಜ್ಯೂರಿ 2004ರ ಮಾರ್ಚ್ 5ರಂದು ಅವರನ್ನು ದೋಷಿ ಎಂದಿತು. ಶಿಕ್ಷೆ ಐದು ತಿಂಗಳ ಸೆರೆವಾಸ, ಐದು ತಿಂಗಳ ಗೃಹಬಂಧನ ಮತ್ತು 30,000 ಡಾಲರ್ ದಂಡ. ಇನ್‌ಸೈಡರ್ ಟ್ರೇಡಿಂಗ್ ವಿಚಾರವನ್ನು ಷೇರುಪೇಟೆ ನಿಯಂತ್ರಣ ಆಯೋಗ ಪ್ರತ್ಯೇಕ ಸಿವಿಲ್ ಮೊಕದ್ದಮೆಯಾಗಿ ನಡೆಸಿತು. 2006ರಲ್ಲಿ ಮಾರ್ಥಾ ಆರೋಪವನ್ನು ಒಪ್ಪದೆ, ಅಲ್ಲಗಳೆಯದೆ ಸುಮಾರು 1.95 ಲಕ್ಷ ಡಾಲರ್ ಕಟ್ಟಿ, ಐದು ವರ್ಷ ಕಂಪನಿಯ ನಿರ್ದೇಶಕ ಸ್ಥಾನದಿಂದ ದೂರವಿರಲು ಒಪ್ಪಿ ಅದನ್ನು ಮುಗಿಸಿಕೊಂಡರು.

ನಿಮ್ಮ ವಿದ್ಯಾರ್ಥಿಗಳಿಗೆ ಹೇಳಬೇಕಾದ ಮುಖ್ಯ ವಿಷಯ ಇದು: ಅಮೆರಿಕದ ಕಾನೂನಿನಲ್ಲಿ ತನಿಖಾಧಿಕಾರಿಯ ಎದುರು ಮೌನವಾಗಿರುವ ಹಕ್ಕು ಎಲ್ಲರಿಗೂ ಇದೆ, ಆದರೆ ಪ್ರಮಾಣ ಮಾಡಿರದಿದ್ದರೂ ಒಕ್ಕೂಟ ಸರ್ಕಾರದ ಅಧಿಕಾರಿಗೆ ಸುಳ್ಳು ಹೇಳಿದರೆ ಅದೇ ಸ್ವತಂತ್ರ ಅಪರಾಧವಾಗುತ್ತದೆ. ಹಿಂದೆ ಷೇರು ಬ್ರೋಕರ್ ಆಗಿದ್ದ, 2002ರಲ್ಲಿ ಕೆಲವು ತಿಂಗಳು ನ್ಯೂಯಾರ್ಕ್ ಷೇರುಪೇಟೆಯ ಆಡಳಿತ ಮಂಡಳಿಯಲ್ಲೂ ಇದ್ದ ಮಾರ್ಥಾ ಅವರಿಗೆ ಇದು ತಿಳಿಯದ ವಿಷಯವಲ್ಲ. ಹಾಗಾಗಿ ಅವರು ತಪ್ಪೇ ಮಾಡಿಲ್ಲ, ಬರೀ ಹೆಸರಿಗಾಗಿ ಬಲಿಯಾದರು ಎಂಬ ಅಭಿಮಾನಿಗಳ ವಾದವನ್ನು ನಾನು ಒಪ್ಪುವುದಿಲ್ಲ. ತಪ್ಪು ನಡೆದಿದೆ, ಅದು ಯಾವ ತಪ್ಪು ಎಂಬುದನ್ನು ನಿಖರವಾಗಿ ಹೇಳುವುದಷ್ಟೇ ನಮ್ಮ ಹೊಣೆ.

ಇದೇ ಪ್ರಸಂಗಕ್ಕೆ ಸೇರಿದ ಇನ್ನೊಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ಎರ್ಬಿಟಕ್ಸ್ ಔಷಧಕ್ಕೆ 2004ರ ಫೆಬ್ರವರಿಯಲ್ಲಿ, ಮಾರ್ಥಾ ಅವರ ವಿಚಾರಣೆ ನಡೆಯುತ್ತಿರುವಾಗಲೇ, ಅನುಮತಿ ದೊರೆಯಿತು. 2008ರಲ್ಲಿ ಎಲಿ ಲಿಲಿ ಸಂಸ್ಥೆ ಇಮ್‌ಕ್ಲೋನ್ ಕಂಪನಿಯನ್ನು ಷೇರಿಗೆ 70 ಡಾಲರ್ ಕೊಟ್ಟು ಕೊಂಡುಕೊಂಡಿತು. ಮಾರ್ಥಾ ತಮ್ಮ ಷೇರುಗಳನ್ನು ಮಾರಿದ್ದು ತಲಾ ಸುಮಾರು 58 ಡಾಲರ್‌ಗೆ.

ಪ್ರಶ್ನೆ: ದೋಷಾರೋಪ ಜೂನ್ 4ರಂದು, ಟೆಲಿಚಿತ್ರ ಮೇ 19ರಂದು. ಅಂದರೆ ಮೊಕದ್ದಮೆ ಹೂಡುವ ಮೊದಲೇ ಪತನದ ಕಥೆಯನ್ನು ಮನೆಮನೆಗೆ ತೋರಿಸಿಬಿಟ್ಟರು. ಇದು ನ್ಯಾಯವೇ? (ಓದುಗರೊಬ್ಬರು, ಮೈಸೂರು)

ಉತ್ತರ: ನೀವು ಗಮನಿಸಿದ ಈ ದಿನಾಂಕಗಳೇ ಆ ಚಿತ್ರದ ಬಗ್ಗೆ ಹೇಳಬೇಕಾದದ್ದರಲ್ಲಿ ಬಹುಪಾಲನ್ನು ಹೇಳಿಬಿಡುತ್ತವೆ. ಅಮೆರಿಕದ ಟಿ.ವಿ. ವಾಹಿನಿಗಳು ಸುದ್ದಿಯಲ್ಲಿರುವ ಪ್ರಕರಣವನ್ನು ಬಿಸಿಯಾಗಿರುವಾಗಲೇ ಕಥೆಯಾಗಿಸುವುದನ್ನು ಬಹಳ ಹಿಂದಿನಿಂದಲೂ ರೂಢಿಸಿಕೊಂಡಿವೆ. ಷೇರು ಮಾರಾಟದ ಸುದ್ದಿ 2002ರ ಜೂನ್‌ನಲ್ಲಿ ಹೊರಬಿದ್ದಿತ್ತು, ಬೆಳಗಿನ ಟಿ.ವಿ. ಕಾರ್ಯಕ್ರಮವೊಂದರಲ್ಲಿ ನಿರೂಪಕಿ ಅದರ ಬಗ್ಗೆ ಕೇಳಿದಾಗ ಮಾರ್ಥಾ ಕೋಸು ಹೆಚ್ಚುತ್ತಲೇ, ತಮ್ಮ ಗಮನ ಸಲಾಡ್ ಕಡೆಗಿರಲಿ ಎಂದು ಉತ್ತರಿಸಿದ ದೃಶ್ಯ ಆ ದಿನಗಳಲ್ಲಿ ಎಲ್ಲೆಡೆ ಮರುಪ್ರಸಾರವಾಗಿತ್ತು. ಅದಾಗಿ ಒಂದು ವರ್ಷ ತುಂಬುವುದರೊಳಗೆ ಬಯೋಪಿಕ್ ಸಿದ್ಧವಾಯಿತು.

ಹೀಗೆ ಮಾಡುವುದರಲ್ಲಿ ಎರಡು ಬಗೆಯ ಹಾನಿ ಇದೆ ಎಂದು ನನ್ನ ಎಣಿಕೆ. ಮೊದಲನೆಯದು ಎಲ್ಲರಿಗೂ ಹೊಳೆಯುವಂಥದ್ದು. ಅಲ್ಲಿನ ನ್ಯಾಯಪದ್ಧತಿಯಲ್ಲಿ ತಪ್ಪೋ ಒಪ್ಪೋ ಎಂದು ತೀರ್ಮಾನಿಸುವವರು ಸಾಮಾನ್ಯ ನಾಗರಿಕರಿಂದ ಆರಿಸಿದ ಜ್ಯೂರಿಗಳು, ಅವರೂ ಟಿ.ವಿ. ನೋಡುವವರೇ. ಎರಡನೆಯ ಹಾನಿ ಕಥೆಗೇ ಆಗುವಂಥದ್ದು. ಪ್ರಕರಣದ ಸತ್ಯಾಂಶಗಳು ನ್ಯಾಯಾಲಯದಲ್ಲಿ ಇನ್ನೂ ಹೊರಬರದಿರುವಾಗ ಕಥೆಗಾರನ ಕೈಯಲ್ಲಿ ಇರುವುದು ಹಳೆಯ ಜಗಳಗಳು, ಮುರಿದ ಮದುವೆ, ಕೆಲಸ ಬಿಟ್ಟುಹೋದವರ ಅಸಮಾಧಾನ ಇಷ್ಟೇ. ಟೆಕ್ಸಸ್‌ನಿಂದ ಮಾಡಿದ ಆ ಫೋನ್ ಕರೆಯಲ್ಲಿ ಏನು ಮಾತಾಯಿತು, ತಿದ್ದಿ ಮತ್ತೆ ಸರಿಪಡಿಸಿದ ದಾಖಲೆಯ ಕಥೆ ಏನು, ಆಪ್ತ ಸಹಾಯಕಿ ಯಾವ ಸಂಕಟದಲ್ಲಿ ಸಾಕ್ಷಿ ಹೇಳಿದರು ಎಂಬುದೆಲ್ಲ ಪೂರ್ತಿಯಾಗಿ ತೆರೆದುಕೊಂಡದ್ದು 2004ರ ವಿಚಾರಣೆಯಲ್ಲಿ. ಎಂಟು ತಿಂಗಳು ಕಾದಿದ್ದರೆ ಅವರಿಗೆ ಎಷ್ಟೋ ಗಟ್ಟಿಯಾದ ನಾಟಕ ಸಿಗುತ್ತಿತ್ತು. ಕಾಯದಿದ್ದುದರಿಂದ ಆರೋಪ ಇರಬೇಕಾದ ಜಾಗದಲ್ಲಿ ಕೋಪವನ್ನು ಕೂರಿಸಿದರು. ಸಿಡುಕಿನ ಹೆಂಗಸು, ಆದ್ದರಿಂದ ಮೋಸಗಾರ್ತಿಯೂ ಇರಬೇಕು ಎಂಬ ಭಾವನೆ ನೋಡುಗರ ಮನಸ್ಸಿನಲ್ಲಿ ಉಳಿಯುವಂತೆ ಮಾಡುವುದು ನನ್ನ ದೃಷ್ಟಿಯಲ್ಲಿ ಗಂಭೀರವಾದ ಅನ್ಯಾಯ. ಮುಂದೆ ಜ್ಯೂರಿ ಅವರನ್ನು ದೋಷಿ ಎಂದಿತೆಂಬ ಕಾರಣಕ್ಕೆ ಆ ಅನ್ಯಾಯ ಸರಿಹೋಗುವುದಿಲ್ಲ.

ಇದಕ್ಕೆ ಹೋಲಿಸಿ ನೋಡಲು ಒಂದು ಒಳ್ಳೆಯ ಉದಾಹರಣೆ ಇದೆ. ರಕ್ತಪರೀಕ್ಷೆಯ ಥೆರಾನೋಸ್ ಕಂಪನಿ ಕಟ್ಟಿ ಹೂಡಿಕೆದಾರರಿಗೆ ವಂಚಿಸಿದ ಎಲಿಜಬೆತ್ ಹೋಮ್ಸ್ ಅವರನ್ನು ಜ್ಯೂರಿ 2022ರ ಜನವರಿ 3ರಂದು ದೋಷಿ ಎಂದಿತು. ಅವರ ಕುರಿತ ‘ದಿ ಡ್ರಾಪ್‌ಔಟ್’ ಎಂಬ ಎಂಟು ಕಂತುಗಳ ಸರಣಿಯ ಪ್ರಸಾರ ಆರಂಭವಾದದ್ದು ಅದೇ ವರ್ಷದ ಮಾರ್ಚ್ 3ರಂದು. ಅಷ್ಟು ಹೊತ್ತಿಗೆ ಪತ್ರಿಕಾ ತನಿಖೆಯೂ ಸಾಕ್ಷಿಗಳ ಹೇಳಿಕೆಯೂ ಸಾರ್ವಜನಿಕವಾಗಿದ್ದವು. ಯಂತ್ರ ಕೆಲಸ ಮಾಡುತ್ತಿಲ್ಲವೆಂದು ಪ್ರಯೋಗಾಲಯದ ಒಳಗಿದ್ದವರಿಗೆ ಹೇಗೆ ತಿಳಿಯಿತು, ಅದನ್ನು ಹೇಳಲು ಹೋದ ಕಿರಿಯ ನೌಕರರ ಮೇಲೆ ವಕೀಲರ ಒತ್ತಡ ಹೇಗೆ ಬಿತ್ತು ಎಂಬುದನ್ನು ಆ ಸರಣಿ ಹಂತ ಹಂತವಾಗಿ ತೋರಿಸಬಲ್ಲದು. ಹೋಮ್ಸ್ ಪಾತ್ರಕ್ಕೆ ಅಮಾಂಡಾ ಸೈಫ್ರೆಡ್ ಅವರಿಗೆ ಎಮ್ಮಿ ಪ್ರಶಸ್ತಿ ಬಂದದ್ದು ಯೋಗ್ಯವಾಗಿಯೇ ಇತ್ತು.

ಪ್ರಶ್ನೆ: ಬದುಕಿರುವ ವ್ಯಕ್ತಿಯ ಕಥೆಯನ್ನು ಅವರ ಒಪ್ಪಿಗೆ ಇಲ್ಲದೆ ಟಿ.ವಿ.ಯಲ್ಲಿ ತೋರಿಸಬಹುದೇ? ನಮ್ಮ ದೇಶದ ಕಾನೂನು ಏನು ಹೇಳುತ್ತದೆ? (ಓದುಗರೊಬ್ಬರು, ಬೆಂಗಳೂರು)

ಉತ್ತರ: ಅಮೆರಿಕದಲ್ಲಿ ತೋರಿಸಬಹುದು. ಅಲ್ಲಿನ ಸಂವಿಧಾನದ ಮೊದಲ ತಿದ್ದುಪಡಿ ಕೊಡುವ ಅಭಿವ್ಯಕ್ತಿ ಸ್ವಾತಂತ್ರ್ಯ ಈ ವಿಷಯದಲ್ಲಿ ಬಹಳ ವಿಶಾಲವಾದದ್ದು. 1964ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬೆಳೆದುಬಂದ ನಿಯಮದಂತೆ, ಸಾರ್ವಜನಿಕ ವ್ಯಕ್ತಿಯೊಬ್ಬರು ಮಾನನಷ್ಟ ಮೊಕದ್ದಮೆ ಗೆಲ್ಲಬೇಕಾದರೆ, ಎದುರಾಳಿ ಹೇಳಿದ್ದು ಸುಳ್ಳು ಎಂದಷ್ಟೇ ಸಾಧಿಸಿದರೆ ಸಾಲದು. ಸುಳ್ಳೆಂದು ಗೊತ್ತಿದ್ದೇ ಅಥವಾ ನಿಜವೋ ಸುಳ್ಳೋ ಎಂಬ ಪರಿವೆಯೇ ಇಲ್ಲದೆ ಹೇಳಿದರೆಂದು ತೋರಿಸಬೇಕು. ಹಿರಿಯ ನಟಿ ಒಲಿವಿಯಾ ಡಿ ಹ್ಯಾವಿಲಂಡ್, ಟಿ.ವಿ. ಸರಣಿಯೊಂದು ತಮ್ಮ ಪಾತ್ರವನ್ನು ಅನುಮತಿಯಿಲ್ಲದೆ ಬಳಸಿತೆಂದು ನೂರು ದಾಟಿದ ವಯಸ್ಸಿನಲ್ಲಿ ಮೊಕದ್ದಮೆ ಹೂಡಿದರು. ನೈಜ ವ್ಯಕ್ತಿಗಳ ಕಥೆ ಹೇಳಲು ಅವರ ಅನುಮತಿ ಬೇಕಿಲ್ಲವೆಂದು ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯ 2018ರಲ್ಲಿ ತೀರ್ಪು ಕೊಟ್ಟಿತು.

ಭಾರತದಲ್ಲಿ ಈ ವಿಷಯಕ್ಕೆ ಅಡಿಪಾಯವೆನ್ನಬಹುದಾದದ್ದು ಆರ್. ರಾಜಗೋಪಾಲ್ ಮತ್ತು ತಮಿಳುನಾಡು ಸರ್ಕಾರದ ನಡುವಣ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1994ರಲ್ಲಿ ಕೊಟ್ಟ ತೀರ್ಪು. ಮರಣದಂಡನೆಗೆ ಗುರಿಯಾಗಿದ್ದ ಆಟೋ ಶಂಕರ್‌ನ ಆತ್ಮಕಥೆಯನ್ನು ತಮಿಳು ವಾರಪತ್ರಿಕೆಯೊಂದು ಪ್ರಕಟಿಸುವುದನ್ನು ಅಧಿಕಾರಿಗಳು ತಡೆಯಲು ಹೊರಟಾಗ ಈ ಪ್ರಶ್ನೆ ಎದ್ದಿತು. ನ್ಯಾಯಾಲಯದ ದಾಖಲೆಯೂ ಸೇರಿದಂತೆ ಸಾರ್ವಜನಿಕ ದಾಖಲೆಗಳಲ್ಲಿ ಇರುವುದನ್ನು ಒಪ್ಪಿಗೆ ಇಲ್ಲದೆಯೂ ಪ್ರಕಟಿಸಬಹುದು, ಆದರೆ ಮದುವೆ, ಕುಟುಂಬ, ಸಂತಾನದಂಥ ಖಾಸಗಿ ವಿಷಯಗಳಿಗೆ ಅದನ್ನು ದಾಟಿ ಕೈಹಾಕಿದರೆ ಖಾಸಗಿತನದ ಉಲ್ಲಂಘನೆಯಾಗುತ್ತದೆ ಎಂಬುದು ಅದರ ತಿರುಳು. ಈ ಅಳತೆಗೋಲನ್ನು ‘ಮಾರ್ಥಾ, ಇಂಕ್’ ಚಿತ್ರಕ್ಕೆ ಹಿಡಿದರೆ ಷೇರು ಮಾರಾಟದ ಭಾಗ ನಿಲ್ಲುತ್ತದೆ, ದಾಂಪತ್ಯದ ಭಾಗದ ಬಗ್ಗೆ ದೊಡ್ಡ ವಾದವೇ ನಡೆಯಬೇಕಾಗುತ್ತದೆ. ವ್ಯವಹಾರದಲ್ಲಿ ನಮ್ಮ ನಿರ್ಮಾಪಕರು ಎದುರಿಸುವ ಹೆಚ್ಚಿನ ತೊಡಕು ಪ್ರಸಾರಕ್ಕೆ ಮುಂಚೆಯೇ ಬರುವ ತಡೆಯಾಜ್ಞೆ. 2020ರಲ್ಲಿ ಭಾರತದ ನಾಲ್ವರು ಉದ್ಯಮಿಗಳ ಬಗ್ಗೆ ನೆಟ್‌ಫ್ಲಿಕ್ಸ್ ಮಾಡಿದ ಸಾಕ್ಷ್ಯಚಿತ್ರ ಸರಣಿ ಹೀಗೆ ಬೇರೆ ಬೇರೆ ನ್ಯಾಯಾಲಯಗಳಲ್ಲಿ ಸಿಕ್ಕಿಕೊಂಡು, ಸತ್ಯಂ ಕಂಪನಿಯ ರಾಮಲಿಂಗ ರಾಜು ಅವರ ಕಂತನ್ನು ಬಿಟ್ಟು ಉಳಿದ ಮೂರರೊಂದಿಗೆ ಆ ವರ್ಷದ ಅಕ್ಟೋಬರ್‌ನಲ್ಲಿ ಬಿಡುಗಡೆಯಾಯಿತು.

ಪ್ರಶ್ನೆ: ಈ ಟೆಲಿಚಿತ್ರದ ಎರಡನೆಯ ಭಾಗವೂ ಇದೆಯೇ? (ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ಮುಂದುವರಿದ ಭಾಗವೆನ್ನಲಾಗದು, ಆದರೆ ಸಿಬಿಲ್ ಶೆಫರ್ಡ್ ಅವರೇ ಮಾರ್ಥಾ ಆಗಿ ನಟಿಸಿದ ‘ಮಾರ್ಥಾ ಬಿಹೈಂಡ್ ಬಾರ್ಸ್’ ಎಂಬ ಇನ್ನೊಂದು ಟೆಲಿಚಿತ್ರವನ್ನು 2005ರ ಸೆಪ್ಟೆಂಬರ್‌ನಲ್ಲಿ ಸಿಬಿಎಸ್ ವಾಹಿನಿ ತೋರಿಸಿತು. ಇದು ವಿಚಾರಣೆಯನ್ನೂ ವೆಸ್ಟ್ ವರ್ಜೀನಿಯಾದ ಆಲ್ಡರ್ಸನ್ ಮಹಿಳಾ ಸೆರೆಮನೆಯ ದಿನಗಳನ್ನೂ ಕುರಿತದ್ದು. ಮೇಲ್ಮನವಿ ಇತ್ಯರ್ಥವಾಗುವ ತನಕ ಹೊರಗಿರುವ ಅವಕಾಶವಿದ್ದರೂ ಮಾರ್ಥಾ ತಾವಾಗಿಯೇ ಕೇಳಿಕೊಂಡು 2004ರ ಅಕ್ಟೋಬರ್‌ನಲ್ಲಿ ಒಳಗೆ ಹೋಗಿ ಮರುವರ್ಷದ ಮಾರ್ಚ್‌ನಲ್ಲಿ ಹೊರಬಂದರು. ಬರುವಾಗ ಅವರು ತೊಟ್ಟಿದ್ದು ಸಹಕೈದಿಯೊಬ್ಬರು ಕ್ರೋಶಾ ಹೆಣೆದು ಕೊಟ್ಟಿದ್ದ ಮೇಲುವಸ್ತ್ರ. ತೀರ್ಪಿನ ದಿನ ಕುಸಿದಿದ್ದ ಕಂಪನಿಯ ಷೇರು ಅವರು ಒಳಗಿದ್ದ ತಿಂಗಳುಗಳಲ್ಲಿ ಏರುತ್ತಾ ಹೋಯಿತು.

ಪ್ರಶ್ನೆ: ಇದೇ ತಪ್ಪನ್ನು ಗಂಡಸು ಮಾಡಿದ್ದರೆ ಬಯೋಪಿಕ್ ಹೀಗಿರುತ್ತಿತ್ತೇ? ನಾನೂ ಹತ್ತು ಮಂದಿ ಹೆಂಗಸರನ್ನು ಇಟ್ಟುಕೊಂಡು ಉಪ್ಪಿನಕಾಯಿ, ಹಪ್ಪಳದ ಉದ್ಯಮ ನಡೆಸುವವಳು. ಕೆಲಸದಲ್ಲಿ ಕಟ್ಟುನಿಟ್ಟು ಮಾಡಿದರೆ ಸಿಗುವ ಹೆಸರು ಎಂಥದೆಂದು ನನಗೆ ಗೊತ್ತು. (ಓದುಗರೊಬ್ಬರು, ಉಡುಪಿ)

ಉತ್ತರ: ತಾಯಿ, ನಿಮ್ಮ ಪ್ರಶ್ನೆಯಲ್ಲಿ ಅನುಭವದ ತೂಕವಿದೆ. ಇರುತ್ತಿರಲಿಲ್ಲ ಎಂದೇ ನನ್ನ ಉತ್ತರ. ಅದಕ್ಕೆ ನಮ್ಮ ದೇಶದ ಉದಾಹರಣೆಯನ್ನೇ ಕೊಡಬಹುದು. ಷೇರು ದಲ್ಲಾಳಿ ಹರ್ಷದ್ ಮೆಹ್ತಾ ಕುರಿತು ಹನ್ಸಲ್ ಮೆಹ್ತಾ ನಿರ್ದೇಶಿಸಿದ ‘ಸ್ಕ್ಯಾಮ್ 1992’ ಸರಣಿ 2020ರ ಅಕ್ಟೋಬರ್‌ನಲ್ಲಿ ಬಂತು. ಪ್ರತೀಕ್ ಗಾಂಧಿ ಅವರ ನಟನೆ, ಬ್ಯಾಂಕ್ ರಸೀತಿಗಳ ಮೂಲಕ ಹಣ ಷೇರುಪೇಟೆಗೆ ಹರಿದ ಬಗೆಯನ್ನು ಸಾಮಾನ್ಯರಿಗೂ ತಿಳಿಯುವಂತೆ ಬಿಡಿಸಿಟ್ಟ ರೀತಿ ಎರಡೂ ಮೆಚ್ಚತಕ್ಕವು. ಆದರೂ ಅಪಾಯಕ್ಕೆ ಅಂಜದವನು ಎಂಬ ವೈಭವದಲ್ಲಿಯೇ ಆ ಪಾತ್ರ ನಿಲ್ಲುತ್ತದೆ. ಸರಣಿ ನೋಡಿದ ಎಷ್ಟೋ ಹುಡುಗರು ಅವನ ಸಂಭಾಷಣೆಗಳನ್ನು ಸ್ಫೂರ್ತಿಯ ಮಾತುಗಳಂತೆ ಬಾಯಿಪಾಠ ಮಾಡಿಕೊಂಡರು. ಆ ಕಾಲದ ಷೇರು ಅವ್ಯವಹಾರದಲ್ಲಿ ಹಲವು ದಲ್ಲಾಳಿಗಳೂ ಬ್ಯಾಂಕುಗಳೂ ಸೇರಿ ನಡೆಸಿದ ವಹಿವಾಟಿನಲ್ಲಿ ಲೆಕ್ಕಕ್ಕೆ ಸಿಗದೆ ಹೋದ ಹಣ ನಾಲ್ಕು ಸಾವಿರ ಕೋಟಿ ರೂಪಾಯಿಗೂ ಹೆಚ್ಚೆಂದು ರಿಸರ್ವ್ ಬ್ಯಾಂಕ್ ನೇಮಿಸಿದ ಜಾನಕೀರಾಮನ್ ಸಮಿತಿ ಹೇಳಿತ್ತು. ಮಾರ್ಥಾ ತಪ್ಪಿಸಿಕೊಂಡ ನಷ್ಟ 22 ಲಕ್ಷ ರೂಪಾಯಿ. ಒಬ್ಬರದು ಸಾಹಸಗಾಥೆಯಾಯಿತು, ಇನ್ನೊಬ್ಬರದು ಗಯ್ಯಾಳಿಯ ಕಥೆಯಾಯಿತು.

ಈ ಮಾತಿಗೆ ಒಂದು ಮಿತಿ ಹಾಕಿಕೊಳ್ಳಬೇಕು. ಎರಡು ಕೃತಿಗಳ ನಡುವೆ ಹದಿನೇಳು ವರ್ಷಗಳ ಅಂತರವಿದೆ, ದೇಶ ಬೇರೆ, ಎರಡು ಗಂಟೆಯ ಟೆಲಿಚಿತ್ರಕ್ಕೂ ಹತ್ತು ಕಂತುಗಳ ಸರಣಿಗೂ ಇರುವ ಅವಕಾಶ ಬೇರೆ. ನೌಕರರನ್ನು ನೋಯಿಸಿದ್ದರೆ ಅದು ಯಾರೇ ಮಾಡಿದರೂ ನೋವೇ, ಅದನ್ನು ತೋರಿಸಬಾರದೆಂದು ನಾನು ಹೇಳುತ್ತಿಲ್ಲ. ಆದರೆ ಗಂಡಸಿನ ಬಯೋಪಿಕ್‌ನಲ್ಲಿ ಅವನು ನೌಕರರನ್ನು ಗದರುವ ದೃಶ್ಯ ಅವನ ಛಲಕ್ಕೆ ಸಾಕ್ಷಿಯಾಗಿ ಬರುತ್ತದೆ, ಹೆಂಗಸಿನ ಬಯೋಪಿಕ್‌ನಲ್ಲಿ ಅದೇ ದೃಶ್ಯ ಅವಳ ಪತನಕ್ಕೆ ಕಾರಣವಾಗಿ ಬರುತ್ತದೆ. ಚಿತ್ರಕಥೆ ಬರೆಯುವವರು ಈ ವ್ಯತ್ಯಾಸವನ್ನು ತಿಳಿದೇ ಮಾಡುತ್ತಾರೆಂದಲ್ಲ, ಆದರೂ ಅದರ ಹೊಣೆ ಅವರದೇ. ಸ್ವತಃ ಸಹಕರಿಸಿ, ಸೆರೆಮನೆಯಿಂದ ಬರೆದ ಪತ್ರಗಳನ್ನೂ ಒದಗಿಸಿದ 2024ರ ಸಾಕ್ಷ್ಯಚಿತ್ರದ ಬಗ್ಗೆಯೂ ಮಾರ್ಥಾ ಬಹಿರಂಗವಾಗಿ ಅಸಮಾಧಾನ ವ್ಯಕ್ತಪಡಿಸಿದರು. ವಿಚಾರಣೆಗೆ ಅತಿಯಾದ ಸಮಯ ಕೊಟ್ಟರು, ಕೊನೆಯಲ್ಲಿ ತನ್ನನ್ನು ತೋಟದಲ್ಲಿ ಬಾಗಿ ನಡೆಯುವ ಒಂಟಿ ಮುದುಕಿಯಂತೆ ತೋರಿಸಿದರು ಎಂಬುದು ಅವರ ದೂರು. ಕೆಲಸದ ಬಗ್ಗೆ ಹೇಳದೆ ವ್ಯಕ್ತಿಯ ಬಗ್ಗೆಯೇ ಹೇಳುತ್ತಾರೆಂಬ ಅವರ ಹಳೆಯ ನೋವು ಅದರಲ್ಲಿಯೂ ಕೇಳಿಸುತ್ತದೆ.

ಪ್ರಶ್ನೆ: ಕರ್ನಾಟಕದ ಉದ್ಯಮಿಗಳ ಏಳುಬೀಳಿನ ಮೇಲೆ ಇಂಥ ಬಯೋಪಿಕ್ ಕನ್ನಡದಲ್ಲಿ ಮಾಡಲು ಸಾಧ್ಯವೇ? ನಾನು ಚಿತ್ರಕಥೆ ಬರೆಯಲು ಕಲಿಯುತ್ತಿದ್ದೇನೆ. (ಓದುಗರೊಬ್ಬರು, ಕಲಬುರಗಿ)

ಉತ್ತರ: ಸಾಮಗ್ರಿಗೆ ಕೊರತೆಯಿಲ್ಲ. ಏರ್ ಡೆಕ್ಕನ್ ವಿಮಾನಯಾನ ಸಂಸ್ಥೆ ಕಟ್ಟಿದ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ ಆತ್ಮಕಥೆಯನ್ನು ಆಧರಿಸಿ ತಮಿಳಿನಲ್ಲಿ 2020ರಲ್ಲಿ ‘ಸೂರರೈ ಪೋಟ್ರು’ ಬಂತು. ಪಾತ್ರದ ಹೆಸರು, ಊರು ಬದಲಾಗಿವೆ, ಕಥೆ ಏರಿಕೆಯಲ್ಲಿಯೇ ಮುಗಿಯುತ್ತದೆ. ಏರ್ ಡೆಕ್ಕನ್ 2007ರಲ್ಲಿ ವಿಜಯ್ ಮಲ್ಯ ಅವರ ಯುಬಿ ಸಮೂಹದ ಕೈಸೇರಿ, ಕಿಂಗ್‌ಫಿಷರ್‌ನಲ್ಲಿ ವಿಲೀನವಾಗಿ, ಕಿಂಗ್‌ಫಿಷರ್ 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿದ ಭಾಗ ಇನ್ನೂ ಯಾರಾದರೂ ಬರೆಯಬೇಕಾದ ಕಥೆ. ಅದನ್ನು ಬರೆಯುವುದಾದರೆ ಪಾರ್ಟಿ, ಕ್ಯಾಲೆಂಡರ್, ಹಡಗುಗಳಿಂದ ಆರಂಭಿಸಬೇಡಿ. ಸಂಬಳ ಸಿಗದೆ ಉಳಿದ ನೌಕರರಿಂದ, ಬ್ಯಾಂಕುಗಳಿಗೆ 6,203 ಕೋಟಿ ರೂಪಾಯಿಯನ್ನು ಬಡ್ಡಿಸಮೇತ ವಸೂಲು ಮಾಡಲು 2017ರ ಜನವರಿಯಲ್ಲಿ ಅವಕಾಶ ಕೊಟ್ಟ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಯ ಆದೇಶದಿಂದ, ಮಲ್ಯ ಅವರನ್ನು ಭಾರತಕ್ಕೆ ಒಪ್ಪಿಸಬೇಕೆಂಬ ಹಸ್ತಾಂತರ ಕೋರಿಕೆಯ ಬಗ್ಗೆ ಲಂಡನ್‌ನ ನ್ಯಾಯಾಲಯ 2018ರ ಡಿಸೆಂಬರ್‌ನಲ್ಲಿ ಕೊಟ್ಟ ತೀರ್ಪಿನಿಂದ ಆರಂಭಿಸಿ. ಇವು ಸಾರ್ವಜನಿಕ ದಾಖಲೆಗಳು. ಮೇಲೆ ಹೇಳಿದ 1994ರ ರಾಜಗೋಪಾಲ್ ತೀರ್ಪು ನಿಮಗೆ ಕೊಡುವ ರಕ್ಷಣೆ ಇರುವುದೂ ಇವುಗಳ ಮೇಲೆಯೇ. ವಂಚನೆಯ ಆರೋಪಗಳ ವಿಚಾರಣೆ ಭಾರತದಲ್ಲಿ ಮುಗಿದಿಲ್ಲವಾದ್ದರಿಂದ, ಸಾಬೀತಾದದ್ದು ಯಾವುದು, ಆರೋಪವಾಗಿಯೇ ಉಳಿದದ್ದು ಯಾವುದು ಎಂಬುದನ್ನು ಬರೆಯುವ ಮೊದಲೇ ಎರಡು ಬೇರೆ ಹಾಳೆಗಳಲ್ಲಿ ಪಟ್ಟಿ ಮಾಡಿಕೊಳ್ಳಿ. ನಿಮ್ಮ ಚಿತ್ರಕಥೆಯ ಮೊದಲ ಕರಡು ಸಿದ್ಧವಾದಾಗ ವಕೀಲರೊಬ್ಬರಿಗೂ ಆ ವಿಮಾನಯಾನ ಸಂಸ್ಥೆಯಲ್ಲಿ ದುಡಿದವರೊಬ್ಬರಿಗೂ ಅದನ್ನು ಓದಲು ಕೊಡಿ.